ಎರಡು ವರ್ಷ ನೋಡಿದ ಧಾರಾವಾಹಿಯನ್ನು ಆರು ವಾರದಲ್ಲಿ ಮುಗಿಸಿದ್ದೇಕೆ?

ಪ್ರಶ್ನೆ: ಮಾನ್ಯರೇ, ನಾನೂ ನನ್ನ ಅತ್ತೆಯವರೂ ಎರಡು ವರ್ಷಗಳಿಂದ ಒಂದು ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡುತ್ತಿದ್ದೆವು. ಮೊದಲು ಅದು ರಾತ್ರಿ ಎಂಟಕ್ಕೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಹತ್ತೂವರೆಗೆ ಸರಿಸಿದರು. ಅದಾದ ಆರೇ ವಾರಕ್ಕೆ ಮುಗಿಸಿಬಿಟ್ಟರು. ದೊಡ್ಡ ಮಗಳ ನ್ಯಾಯಾಲಯದ ಪ್ರಕರಣ ಏನಾಯಿತೆಂದು ಕೂಡ ತೋರಿಸಲಿಲ್ಲ. ಕೇಳಿದರೆ ಎಲ್ಲರೂ ‘ಟಿಆರ್‌ಪಿ ಬರಲಿಲ್ಲ’ ಎನ್ನುತ್ತಾರೆ. ನಮ್ಮ ಮನೆಯಲ್ಲಾಗಲಿ, ನೆಂಟರ ಮನೆಗಳಲ್ಲಾಗಲಿ ಅದನ್ನು ಅಳೆಯುವ ಮೀಟರನ್ನು ನಾನು ಇದುವರೆಗೆ ಕಂಡಿಲ್ಲ. ಇದೇ ಧಾರಾವಾಹಿಯ ತುಣುಕುಗಳನ್ನು ಫೋನಿನಲ್ಲಿ ಲಕ್ಷಗಟ್ಟಲೆ ಜನ ನೋಡಿದ್ದಾರೆ. ಇದಕ್ಕಿಂತ ಕಡಿಮೆ ರೇಟಿಂಗ್ ಇದೆಯೆಂದು ಹೇಳಲಾಗುವ ಇನ್ನೊಂದು ಧಾರಾವಾಹಿ ಈಗಲೂ ನಡೆಯುತ್ತಿದೆ. ಇದನ್ನು ನಿಲ್ಲಿಸಿದವರು ಜಾಹೀರಾತು ಕಂಪನಿಗಳವರೇ? ನಾವು ಕೆಲವರು ಸೇರಿ ಪತ್ರ ಬರೆದರೆ ಏನಾದರೂ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಪತ್ರವನ್ನು ಓದಿದಾಗ ಅದರಲ್ಲಿ ಲೆಕ್ಕದ ಬಗೆಗಿನ ಅನುಮಾನಕ್ಕಿಂತ, ನಾವು ಯಾರ ಲೆಕ್ಕಕ್ಕೂ ಬರಲಿಲ್ಲವಲ್ಲ ಎಂಬ ನೋವೇ ಹೆಚ್ಚಾಗಿ ಕಂಡಿತು. ಜಾಹೀರಾತು ಏಜೆನ್ಸಿಯೊಂದರಲ್ಲಿ ವಾಹಿನಿಗಳ ಸಮಯವನ್ನು ಕೊಳ್ಳುವ ಕೆಲಸವನ್ನು ಒಂಬತ್ತು ವರ್ಷ ಮಾಡಿದ್ದೇನೆ. ಬಳಿಕ ಹನ್ನೊಂದು ವರ್ಷ ವಾಹಿನಿಯೊಂದರಲ್ಲಿ, ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಎಂಬುದನ್ನು ನಿರ್ಧರಿಸುವ ವಿಭಾಗದಲ್ಲಿದ್ದೆ. ಕೊಳ್ಳುವವರ ಕಡೆಯಿಂದಲೂ ಮಾರುವವರ ಕಡೆಯಿಂದಲೂ ಈ ವ್ಯವಹಾರವನ್ನು ನೋಡಿದ ಅನುಭವದ ಮೇಲೆ, ನಿಮ್ಮ ಪ್ರಶ್ನೆಗಳಿಗೆ ನನಗೆ ತಿಳಿದಂತೆ ಉತ್ತರಿಸುತ್ತೇನೆ.

ಮೊದಲು ಮೀಟರಿನ ವಿಷಯ. ಅದನ್ನು ನೀವು ಕಂಡಿಲ್ಲ ಎಂಬುದರಿಂದ ಅದು ಇಲ್ಲವೆಂದಾಗುವುದಿಲ್ಲ. ಭಾರತದಲ್ಲಿ 2015ರಿಂದ ಈ ಅಳತೆಯನ್ನು ಮಾಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ವಾಹಿನಿಗಳು, ಜಾಹೀರಾತುದಾರರು ಮತ್ತು ಜಾಹೀರಾತು ಏಜೆನ್ಸಿಗಳು ಮೂವರೂ ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ; 2025ರ ಹೊತ್ತಿಗೆ ಮೀಟರ್ ಇದ್ದದ್ದು ಸುಮಾರು 58,000 ಮನೆಗಳಲ್ಲಿ. ಅಂದರೆ ನಾಲ್ಕು ಸಾವಿರ ಮನೆಗಳಿಗೆ ಒಂದು. ಅದರ ಮೇಲೆ, ಮೀಟರ್ ಇರುವ ಮನೆಗಳ ಹೆಸರನ್ನು ಗುಟ್ಟಾಗಿಡುವುದು ಈ ವ್ಯವಸ್ಥೆಯ ಮೊದಲ ನಿಯಮ. ನಿಮ್ಮ ನೆಂಟರಿಷ್ಟರು, ಪರಿಚಿತರು ಎಲ್ಲ ಸೇರಿ ಐನೂರು ಮನೆಗಳಾಗುತ್ತವೆ ಎಂದುಕೊಂಡರೂ, ಅವುಗಳಲ್ಲಿ ಒಂದರಲ್ಲಿಯೂ ಮೀಟರ್ ಇಲ್ಲದಿರುವ ಸಾಧ್ಯತೆಯೇ ಬಹಳ ಹೆಚ್ಚು.

ಇಷ್ಟು ಕಡಿಮೆ ಮನೆಗಳಿಂದ ಇಡೀ ದೇಶದ ಲೆಕ್ಕ ಸಿಗುವುದಾದರೂ ಹೇಗೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಅಗುಳನ್ನು ಹಿಚುಕಿ ನೋಡುವ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಆದರೆ ಅಗುಳನ್ನು ಪಾತ್ರೆಯ ಒಂದೇ ಮೂಲೆಯಿಂದ ತೆಗೆಯಬಾರದು. ಆದ್ದರಿಂದ ಊರು, ಹಳ್ಳಿ, ಭಾಷೆ, ವಯಸ್ಸು, ಮನೆಯಲ್ಲಿ ದುಡಿಯುವ ಮುಖ್ಯ ವ್ಯಕ್ತಿಯ ಓದು, ಮನೆಯಲ್ಲಿರುವ ಉಪಕರಣಗಳು, ಇವೆಲ್ಲವನ್ನೂ ತೂಗಿ ಮನೆಗಳನ್ನು ಆರಿಸುತ್ತಾರೆ. ಆಯ್ಕೆಯಾದ ಮನೆಯಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದು ಗುಂಡಿ ಇರುವ ರಿಮೋಟ್ ಇರುತ್ತದೆ. ಟಿವಿ ಮುಂದೆ ಕೂರುವಾಗ ತನ್ನ ಗುಂಡಿಯನ್ನು ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ವಾಹಿನಿಗಳ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತನ್ನು ಬೆರೆಸಿರುತ್ತಾರೆ. ಮೀಟರ್ ಅದನ್ನು ಆಲಿಸಿ ಯಾವ ವಾಹಿನಿ ಎಂದು ತಿಳಿದುಕೊಳ್ಳುತ್ತದೆ. ಹೀಗೆ ಸೇರಿದ ಲೆಕ್ಕ ವಾರಕ್ಕೊಮ್ಮೆ, ಗುರುವಾರ, ವಾಹಿನಿಗಳ ಕೈಗೆ ಬರುತ್ತದೆ.

ಹಾಗೆಂದು ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಿ ಎಂದು ನಾನು ಹೇಳಲಾರೆ. ಒಂದು ಸಣ್ಣ ಲೆಕ್ಕ ನೋಡಿ. ಒಂದು ಭಾಷೆಯ ಒಂದು ವಯೋಮಾನದ ವೀಕ್ಷಕರನ್ನು ಪ್ರತಿನಿಧಿಸಲು ಸಾವಿರ ಮನೆಗಳಿವೆ ಎಂದುಕೊಳ್ಳೋಣ. ಒಂದು ಧಾರಾವಾಹಿಗೆ ಶೇಕಡ ಎರಡರಷ್ಟು ರೇಟಿಂಗ್ ಬಂದರೆ, ಆ ಸಾವಿರದಲ್ಲಿ ಅದನ್ನು ನೋಡಿದ್ದು ಇಪ್ಪತ್ತು ಮನೆಗಳು. ಸಂಖ್ಯಾಶಾಸ್ತ್ರದ ಪ್ರಕಾರ ನಿಜವಾದ ರೇಟಿಂಗ್ ಸುಮಾರು 1.1ರಿಂದ 2.9ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಈ ವಾರ 2.0 ಇದ್ದದ್ದು ಮುಂದಿನ ವಾರ 1.7 ಆಯಿತೆಂದರೆ ಇಡೀ ನಾಡು ಮುಖ ತಿರುಗಿಸಿತೆಂದು ಅರ್ಥವಲ್ಲ. ಮೂರು ಮನೆಯವರು ಮದುವೆಗೆ ಹೋಗಿದ್ದರೂ ಅಷ್ಟು ಇಳಿಯುತ್ತದೆ. ಅನುಭವವುಳ್ಳವರು ನಾಲ್ಕು ವಾರದ ಸರಾಸರಿಯನ್ನು ನೋಡುತ್ತಾರೆ. ಆದರೆ ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಎರಡೇ ವಾರದ ಅಂಕಿಗಳನ್ನು ಹಿಡಿದುಕೊಂಡು ಧಾರಾವಾಹಿಯ ಕಥೆಯನ್ನೇ ತಿರುಚಿದ್ದನ್ನು, ಹೊತ್ತು ಬದಲಿಸಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅದು ತಪ್ಪು ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಮೋಸದ ಭಯವೂ ಆಧಾರವಿಲ್ಲದ್ದಲ್ಲ. ಮನೆಗಳು ಕಡಿಮೆಯಿದ್ದಷ್ಟೂ ಕೆಲವೇ ಮನೆಗಳಿಗೆ ಆಮಿಷ ಒಡ್ಡಿ ಅಂಕಿಯನ್ನು ಕೆಡಿಸುವುದು ಸುಲಭ. 2020ರ ಅಕ್ಟೋಬರಿನಲ್ಲಿ ಇಂಥ ಆರೋಪಗಳ ತನಿಖೆ ಮುಂಬಯಿಯಲ್ಲಿ ಆರಂಭವಾದ ಬಳಿಕ ಸುದ್ದಿವಾಹಿನಿಗಳ ವಾರದ ರೇಟಿಂಗನ್ನೇ ತಡೆಹಿಡಿಯಲಾಯಿತು. ಅದು ಮತ್ತೆ ಹೊರಬಂದದ್ದು 2022ರ ಮಾರ್ಚಿನಲ್ಲಿ. ಆದರೆ ನಿಮ್ಮ ಧಾರಾವಾಹಿಯಂಥವು ನಿಲ್ಲುವುದಕ್ಕೆ ಇದನ್ನು ಕಾರಣವಾಗಿ ಹುಡುಕುವ ಅಗತ್ಯವಿಲ್ಲ. ಯಾವ ಮೋಸವೂ ಇಲ್ಲದ, ಸರಿಯಾಗಿಯೇ ಅಳೆದ ಅಂಕಿಯೂ ಜನ ಪ್ರೀತಿಸಿದ ಕಥೆಯೊಂದನ್ನು ನಿಲ್ಲಿಸಬಲ್ಲದು.

ಏಕೆಂದರೆ ಮೀಟರ್ ಅಳೆಯುವುದು ಪ್ರೀತಿಯನ್ನಲ್ಲ, ನಿಮಿಷಗಳನ್ನು. ನೀವು ಮತ್ತು ನಿಮ್ಮ ಅತ್ತೆಯವರು ಕೆಲಸವನ್ನೆಲ್ಲ ಮುಗಿಸಿ, ಕಾದು ಕುಳಿತು, ಒಂದು ಕಣ್ಣೀರಿನ ದೃಶ್ಯವನ್ನು ನೋಡಿದ ನಿಮಿಷಕ್ಕೂ, ಯಾರೋ ಬಟ್ಟೆ ಮಡಚುತ್ತ ಹಾಕಿಟ್ಟುಕೊಂಡ ಟಿವಿಯ ನಿಮಿಷಕ್ಕೂ ಅದರಲ್ಲಿ ಒಂದೇ ಬೆಲೆ. ಕಾರ್ಯಕ್ರಮದ ಪ್ರತಿ ನಿಮಿಷದಲ್ಲಿಯೂ ಸರಾಸರಿ ಎಷ್ಟು ಜನ ಇದ್ದರು ಎಂಬುದೇ ಕೊನೆಗೆ ಉಳಿಯುವ ಅಂಕಿ. ಹತ್ತು ಲಕ್ಷ ಜನ ಅರ್ಧಕ್ಕೆ ಎದ್ದುಹೋದ ಕಂತಿಗೂ ಐದು ಲಕ್ಷ ಜನ ಕೊನೆಯವರೆಗೆ ಕದಲದೆ ಕುಳಿತ ಕಂತಿಗೂ ಅಂಕಿ ಒಂದೇ ಬರುತ್ತದೆ.

ನಿಮಿಷ ನಿಮಿಷಕ್ಕೂ ಎಷ್ಟು ಜನ ಇದ್ದರೆಂದು ತೋರಿಸುವ ನಕ್ಷೆಯ ಗೆರೆಯನ್ನು ತಪ್ಪಾಗಿ ಓದುವುದು ಎಷ್ಟು ಸುಲಭ ಎಂಬುದಕ್ಕೆ ಒಂದು ಘಟನೆ ನೆನಪಾಗುತ್ತದೆ. ನಾವು ನಡೆಸುತ್ತಿದ್ದ ಒಂದು ಧಾರಾವಾಹಿಯ ಗೆರೆ ಮೂರು ವಾರಗಳಿಂದ ಪ್ರತಿದಿನವೂ ಹದಿಮೂರನೆಯ ನಿಮಿಷದಲ್ಲಿ ಕುಸಿದು, ಮತ್ತೆ ಮೇಲೇಳುತ್ತಲೇ ಇರಲಿಲ್ಲ. ಕಥೆ ಸೊರಗಿದೆ ಎಂದು ಎಲ್ಲರೂ ಬರಹಗಾರರ ಮೇಲೆ ಹರಿಹಾಯ್ದರು. ಹೊಸ ಖಳನಾಯಕಿಯನ್ನು ತರುವ ಮಾತೂ ನಡೆಯಿತು. ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬಳು ಅದೇ ಹೊತ್ತಿನ ಬೇರೆ ವಾಹಿನಿಯ ಗೆರೆಯನ್ನು ಅದರ ಪಕ್ಕದಲ್ಲಿಟ್ಟಳು. ನಮ್ಮಲ್ಲಿ ಎರಡನೆಯ ಬ್ರೇಕ್ ಬರುವ ಹೊತ್ತಿಗೆ ಸರಿಯಾಗಿ ಅವರು ತಮ್ಮ ದಿನದ ಮುಖ್ಯ ದೃಶ್ಯವನ್ನು ಇಡತೊಡಗಿದ್ದರು. ಬ್ರೇಕಿನಲ್ಲಿ ಆಚೆ ಹೋದವರು ಅಲ್ಲಿಯೇ ಉಳಿಯುತ್ತಿದ್ದರು. ನಾವು ನಮ್ಮ ಬ್ರೇಕನ್ನು ಎರಡು ನಿಮಿಷ ಮುಂದಕ್ಕೆ ಹಾಕಿದೆವು. ಹತ್ತು ದಿನಗಳಲ್ಲಿ ಗೆರೆ ಮೊದಲಿನಂತಾಯಿತು. ಅವಳು ನೋಡದೆ ಇದ್ದಿದ್ದರೆ ಆ ಕಥೆಗೆ ತನ್ನದಲ್ಲದ ತಪ್ಪಿಗೆ ಶಿಕ್ಷೆಯಾಗುತ್ತಿತ್ತು.

ಇನ್ನು ಹಣದ ಮಾತು. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಾಹೀರಾತನ್ನು ನಂಬಿದ ವಾಹಿನಿಯು ನಿಮಗೆ ಧಾರಾವಾಹಿಯನ್ನು ಮಾರುತ್ತಿಲ್ಲ. ಧಾರಾವಾಹಿಯ ಮುಂದೆ ನೀವು ಕಳೆಯುವ ಹೊತ್ತನ್ನು ಜಾಹೀರಾತುದಾರರಿಗೆ ಮಾರುತ್ತದೆ. ಏಜೆನ್ಸಿಯಲ್ಲಿದ್ದಾಗ ನಾವು ಕೊಳ್ಳುತ್ತಿದ್ದದ್ದು ಹತ್ತು ಹತ್ತು ಸೆಕೆಂಡುಗಳ ಸ್ಪಾಟುಗಳನ್ನು, ಮತ್ತು ಚೌಕಾಸಿ ನಡೆಯುತ್ತಿದ್ದದ್ದು ಒಂದು ರೇಟಿಂಗ್ ಅಂಶಕ್ಕೆ, ಅಂದರೆ ಶೇಕಡ ಒಂದರಷ್ಟು ರೇಟಿಂಗಿಗೆ, ಎಷ್ಟು ದರ ಎಂಬುದರ ಮೇಲೆ. ಸೆಕೆಂಡುಗಳನ್ನು ವಾಹಿನಿ ತನಗೆ ಬೇಕಾದಷ್ಟು ಹಿಗ್ಗಿಸಲಾಗದು. ಭಾರತದ ನಿಯಮದಲ್ಲಿ ಗಂಟೆಗೆ ಹತ್ತು ನಿಮಿಷ ಜಾಹೀರಾತು, ಎರಡು ನಿಮಿಷ ವಾಹಿನಿಯ ಸ್ವಂತ ಪ್ರಚಾರ ಎಂಬ ಮಿತಿಯಿದೆ. ಮಾರುವ ಸರಕು ಇಷ್ಟೇ ಎಂದಾದ ಮೇಲೆ ಆದಾಯ ಏರಬೇಕಾದರೆ ಸೆಕೆಂಡಿನ ಬೆಲೆಯೇ ಏರಬೇಕು, ಅದು ಏರಬೇಕಾದರೆ ರೇಟಿಂಗ್ ಏರಬೇಕು.

ಈಗ ನಿಮ್ಮ ಧಾರಾವಾಹಿಯ ಎಂಟು ಗಂಟೆಯ ಸ್ಲಾಟನ್ನು ತೆಗೆದುಕೊಳ್ಳಿ. ಒಂದು ಕಂತನ್ನು ಮಾಡಿಸಲು ವಾಹಿನಿಗೆ ತಗಲುವ ಖರ್ಚು ನೂರು, ಜಾಹೀರಾತಿನಿಂದ ಬರುವುದು ನೂರಾ ಮೂವತ್ತು ಎಂದಿಟ್ಟುಕೊಳ್ಳೋಣ. ಲಾಭವೇ ಬರುತ್ತಿರುವಾಗ ನಿಲ್ಲಿಸುವುದೇಕೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸಭೆಯಲ್ಲಿ ಕೇಳುವ ಪ್ರಶ್ನೆ ಅದಲ್ಲ. ಆ ಅರ್ಧ ಗಂಟೆಯಲ್ಲಿ ಬೇರೊಂದು ಕಥೆಯನ್ನು ಕೂರಿಸಿದರೆ ಎಷ್ಟು ಉಳಿದೀತು ಎಂಬುದೇ ಅಲ್ಲಿಯ ಪ್ರಶ್ನೆ. ತೊಂಬತ್ತು ಖರ್ಚಿನಲ್ಲಿ ನೂರೈವತ್ತು ತರಬಲ್ಲದೆಂದು ನಂಬಿಸುವ ಹೊಸ ಕಥೆ ಬಾಗಿಲಲ್ಲಿ ನಿಂತಿದ್ದರೆ, ಮೂವತ್ತು ಉಳಿಸಿಕೊಡುವ ಹಳೆಯ ಕಥೆಗೆ ಜಾಗವಿರುವುದಿಲ್ಲ. ಧಾರಾವಾಹಿಗೆ ವಯಸ್ಸಾದಂತೆ ಅದರ ಖರ್ಚು ಏರುತ್ತಲೇ ಹೋಗುವುದೂ ಇದಕ್ಕೆ ಸೇರುತ್ತದೆ. ಹೆಸರು ಮಾಡಿದ ನಟರ ಸಂಭಾವನೆಯನ್ನು ಹೆಚ್ಚಿಸಲೇಬೇಕಾಗುತ್ತದೆ. ನಿಮ್ಮ ಧಾರಾವಾಹಿ ಸೋತದ್ದು ತನ್ನ ಅಂಕಿಗೇ ಆಗಿರಬೇಕಿಲ್ಲ, ಇನ್ನೂ ಪರದೆಗೆ ಬಾರದ ಒಂದು ಕಥೆಯ ಅಂದಾಜಿನ ಅಂಕಿಗೂ ಆಗಿರಬಹುದು.

ಇದರೊಳಗೆ ಹೊರಗಿನವರಿಗೆ ಕಾಣಿಸದ ಇನ್ನೊಂದು ಸುಳಿಯಿದೆ. ಅಮೆರಿಕದ ದೊಡ್ಡ ವಾಹಿನಿಗಳು ಪ್ರತಿವರ್ಷ ಮೇ ತಿಂಗಳ ಹೊತ್ತಿಗೆ ಮುಂದಿನ ವರ್ಷದ ಜಾಹೀರಾತು ಸಮಯದ ದೊಡ್ಡ ಪಾಲನ್ನು ಮುಂಗಡವಾಗಿಯೇ ಮಾರುತ್ತವೆ, ಮತ್ತು ಇಷ್ಟು ಜನ ನೋಡುತ್ತಾರೆ ಎಂಬ ಮಾತನ್ನೂ ಕೊಡುತ್ತವೆ. ಅಷ್ಟು ಜನ ಬರದಿದ್ದರೆ ಕೊರತೆಯನ್ನು ತುಂಬಲು ಬೇರೆ ಕಾರ್ಯಕ್ರಮಗಳ ನಡುವೆ ಉಚಿತ ಸ್ಪಾಟುಗಳನ್ನು ಕೊಡಬೇಕು. ಕೊಟ್ಟ ಮಾತಿಗೆ ತಕ್ಕ ಜನ ಸಿಗದಿದ್ದರೆ ಬಿಟ್ಟಿ ಸ್ಪಾಟು ಕೊಟ್ಟು ಸರಿದೂಗಿಸುವ ಪದ್ಧತಿ ಬೇರೆಡೆಯೂ ಇದೆ. ಆಗ ಸೋಲುತ್ತಿರುವ ಕಾರ್ಯಕ್ರಮವು ತನ್ನ ಆದಾಯವನ್ನು ಕಳೆದುಕೊಳ್ಳುವುದರ ಜೊತೆಗೆ ಗೆದ್ದ ಕಾರ್ಯಕ್ರಮದ ಸೆಕೆಂಡುಗಳನ್ನೂ ತಿನ್ನತೊಡಗುತ್ತದೆ. ಅದರ ನಂತರ ಬರುವ ಕಾರ್ಯಕ್ರಮವೂ ಸೊರಗುತ್ತದೆ, ಏಕೆಂದರೆ ಬಹಳಷ್ಟು ಜನ ಹಿಂದಿನ ಕಾರ್ಯಕ್ರಮ ಮುಗಿದ ಮೇಲೆ ಅದೇ ವಾಹಿನಿಯಲ್ಲಿ ಉಳಿದವರೇ ಆಗಿರುತ್ತಾರೆ. ಎಂಟು ಗಂಟೆಯ ಸ್ಲಾಟು ಜಾರಿದರೆ ಎಂಟೂವರೆ, ಒಂಬತ್ತು ಎಲ್ಲವೂ ಜಾರುತ್ತವೆ ಎಂಬ ಭಯ ವಾಹಿನಿಯವರಿಗೆ ಸದಾ ಇರುತ್ತದೆ. ಆ ಭಯದಲ್ಲಿಯೇ ಎಷ್ಟೋ ನಿರ್ಧಾರಗಳು ಆಗುತ್ತವೆ.

ಜಾಹೀರಾತು ಕಂಪನಿಗಳು ನಿಲ್ಲಿಸಿದವೇ ಎಂದು ಕೇಳಿದ್ದೀರಿ. ನೇರವಾಗಿ ಇಲ್ಲ. ಬಾನುಲಿಯ ಕಾಲದಲ್ಲಿ ಮತ್ತು ಅಮೆರಿಕದ ಟಿವಿಯ ಮೊದಲ ವರ್ಷಗಳಲ್ಲಿ ಪ್ರಾಯೋಜಕರೇ ಕಾರ್ಯಕ್ರಮದ ಒಡೆಯರಾಗಿರುತ್ತಿದ್ದರು. ದಿನದ ಧಾರಾವಾಹಿಗೆ ಅಲ್ಲಿ ‘ಸೋಪ್’ ಎಂಬ ಹೆಸರು ಬಂದದ್ದೇ ಅವನ್ನು ಸಾಬೂನು ತಯಾರಕರು ನಡೆಸುತ್ತಿದ್ದುದರಿಂದ. ಈಗ ಹಾಗಿಲ್ಲ. ಇಂದು ಕಂಪನಿಯೊಂದು ಹತ್ತಾರು ಕಾರ್ಯಕ್ರಮಗಳಲ್ಲಿ ಸೆಕೆಂಡುಗಳನ್ನು ಹರಡಿ ಕೊಳ್ಳುತ್ತದೆ, ಒಂದರಲ್ಲಿ ಬೆಲೆಗೆ ತಕ್ಕ ಜನ ಸಿಗದಿದ್ದರೆ ಸದ್ದಿಲ್ಲದೆ ಬೇರೆಯದಕ್ಕೆ ಸರಿಯುತ್ತದೆ. ನಾನು ಸಮಯ ಕೊಳ್ಳುತ್ತಿದ್ದ ಒಂಬತ್ತು ವರ್ಷಗಳಲ್ಲಿ ‘ಈ ಧಾರಾವಾಹಿಯನ್ನು ನಿಲ್ಲಿಸಿ’ ಎಂದು ಯಾವ ವಾಹಿನಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ನಾವು ಕೊಡುವ ದರವನ್ನು ಇಳಿಸಿದೆವೆಂದರೆ ಉಳಿದದ್ದನ್ನು ಅವರೇ ಅರ್ಥಮಾಡಿಕೊಳ್ಳುತ್ತಿದ್ದರು.

ಆದರೆ ಎಷ್ಟು ಜನ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಯಾವ ಜನ ಎಂಬುದೂ ಮುಖ್ಯವಾಗುತ್ತದೆ. ಕಡಿಮೆ ರೇಟಿಂಗಿನ ಇನ್ನೊಂದು ಧಾರಾವಾಹಿ ಏಕೆ ಉಳಿಯಿತು ಎಂಬ ನಿಮ್ಮ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಅಮೆರಿಕದ ಜಾಹೀರಾತು ಮಾರುಕಟ್ಟೆ ದಶಕಗಳ ಕಾಲ ಹದಿನೆಂಟರಿಂದ ನಲವತ್ತೊಂಬತ್ತು ವರ್ಷದವರ ರೇಟಿಂಗನ್ನೇ ಮುಖ್ಯವೆಂದು ಹಿಡಿದಿತ್ತು. ಇದರ ಅತ್ಯಂತ ಕಠೋರವಾದ ಉದಾಹರಣೆ 1971ರದು. ಸಿಬಿಎಸ್ ವಾಹಿನಿಯು ಆ ವರ್ಷ ‘ದಿ ಬೆವರ್ಲಿ ಹಿಲ್‌ಬಿಲ್ಲೀಸ್’, ‘ಗ್ರೀನ್ ಏಕರ್ಸ್’, ‘ಮೇಬೆರಿ ಆರ್‌ಎಫ್‌ಡಿ’, ‘ಹೀ ಹಾ’ ಮುಂತಾದ ಹಳ್ಳಿಯ ಬದುಕಿನ ಕಾರ್ಯಕ್ರಮಗಳನ್ನು ಒಟ್ಟಿಗೆ ಕಿತ್ತುಹಾಕಿತು. ಅವುಗಳಲ್ಲಿ ಕೆಲವಕ್ಕೆ ನೋಡುಗರು ಧಾರಾಳವಾಗಿಯೇ ಇದ್ದರು. ಆದರೆ ಅವರು ವಯಸ್ಸಾದವರು, ಹಳ್ಳಿಗಳವರು. ಜಾಹೀರಾತುದಾರರಿಗೆ ಬೇಕಾಗಿದ್ದದ್ದು ನಗರಗಳ ಕಿರಿಯರು. ‘ಹೀ ಹಾ’ ಆಮೇಲೆ ಸ್ಥಳೀಯ ಕೇಂದ್ರಗಳಿಗೆ ನೇರವಾಗಿ ಮಾರಾಟವಾಗಿ ಇನ್ನೂ ಇಪ್ಪತ್ತು ವರ್ಷ ನಡೆಯಿತು ಎಂಬುದನ್ನು ನೋಡಿದರೆ, ಜನ ಅದನ್ನು ಬಿಟ್ಟಿರಲಿಲ್ಲ ಎಂಬುದು ತಿಳಿಯುತ್ತದೆ. ಹಿರಿಯರ ನಿಮಿಷಕ್ಕೆ ಕಿರಿಯರ ನಿಮಿಷಕ್ಕಿಂತ ಕಡಿಮೆ ಬೆಲೆ ಕಟ್ಟುವ ಈ ರೂಢಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮನೆಗೆ ಏನು ಬರಬೇಕೆಂದು ತೀರ್ಮಾನಿಸುವ ಎಷ್ಟೋ ಅತ್ತೆಯಂದಿರನ್ನು ಆ ಪಟ್ಟಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಉಳಿದ ಭಾಗ ಒಡೆತನಕ್ಕೆ ಸೇರಿದ್ದು. ವಾಹಿನಿಯು ತಾನೇ ನಿರ್ಮಿಸಿದ ಅಥವಾ ತನ್ನ ಸೋದರ ಸಂಸ್ಥೆ ನಿರ್ಮಿಸಿದ ಕಾರ್ಯಕ್ರಮದಿಂದ ಜಾಹೀರಾತಿನ ಹಣವಲ್ಲದೆ ಮರುಪ್ರಸಾರದ, ಬೇರೆ ಭಾಷೆಗೆ ಹಕ್ಕು ಮಾರಿದ, ಆ್ಯಪಿಗೆ ಕೊಟ್ಟ ಹಣವೂ ಅದರ ಮನೆಗೇ ಬರುತ್ತದೆ. ಹೊರಗಿನವರ ಕಾರ್ಯಕ್ರಮಕ್ಕೆ ಈ ರಕ್ಷಣೆಯಿಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕದ ಫಾಕ್ಸ್ ವಾಹಿನಿ ‘ಬ್ರೂಕ್ಲಿನ್ ನೈನ್-ನೈನ್’ ಎಂಬ ಹಾಸ್ಯ ಸರಣಿಯನ್ನು ನಿಲ್ಲಿಸಿತು. ಎರಡು ದಿನ ತುಂಬುವ ಮೊದಲೇ ಎನ್‌ಬಿಸಿ ಎಂಬ ಇನ್ನೊಂದು ವಾಹಿನಿ ಅದನ್ನು ತೆಗೆದುಕೊಂಡಿತು. ನೋಡುಗರ ಕೂಗು ದೊಡ್ಡದಾಗಿಯೇ ಇತ್ತು, ನಿಜ. ಆದರೆ ಅದನ್ನು ನಿರ್ಮಿಸುತ್ತಿದ್ದದ್ದು ಎನ್‌ಬಿಸಿಯ ಸೋದರ ಸಂಸ್ಥೆ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ ಸುಮಾರು ನೂರು ಕಂತುಗಳಾದರೆ ಮರುಪ್ರಸಾರದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗುತ್ತಿತ್ತು. ಹೀಗಾಗಿ ಎಂಬತ್ತು ಕಂತು ದಾಟಿದ ಸೊರಗಿದ ಸರಣಿಯನ್ನೂ ಇನ್ನೊಂದು ವರ್ಷ ಎಳೆಯುವುದಿತ್ತು. ಆರಂಭದಲ್ಲಿ ಸೋತದ್ದನ್ನು ತಾಳ್ಮೆಯಿಂದ ಉಳಿಸಿಕೊಂಡ ಉದಾಹರಣೆಯೂ ಇದೆ: 1982ರಲ್ಲಿ ಆರಂಭವಾದ ‘ಚಿಯರ್ಸ್’ ತನ್ನ ಮೊದಲ ದಿನಗಳಲ್ಲಿ ರೇಟಿಂಗ್ ಪಟ್ಟಿಯ ತಳದ ಹತ್ತಿರವಿತ್ತು. ಅದನ್ನು ಹನ್ನೊಂದು ವರ್ಷ ನಡೆಸಿದರು. ಅಂಥ ತಾಳ್ಮೆ ಈಗ ಅಪರೂಪ.

ಎಂಟರಿಂದ ಹತ್ತೂವರೆಗೆ ಸರಿಸಿದ್ದರಿಂದಲೇ ಧಾರಾವಾಹಿ ಸತ್ತಿತೇ? ನನ್ನ ಅನುಭವದಲ್ಲಿ, ಹೊತ್ತು ಬದಲಾಗುವಾಗ ತೀರ್ಪು ಬಹುಮಟ್ಟಿಗೆ ಆಗಿಯೇ ಹೋಗಿರುತ್ತದೆ. ಮುಖ್ಯ ಸ್ಲಾಟು ಹೊಸ ಕಥೆಗೆ ಬೇಕಾಗಿರುತ್ತದೆ. ಹಳೆಯದರಲ್ಲಿ ಚಿತ್ರೀಕರಣವಾಗಿ ಉಳಿದ ಕಂತುಗಳ ಬ್ಯಾಂಕ್ ಇರುತ್ತದೆ, ನಿರ್ಮಾಪಕರೊಂದಿಗಿನ ಒಪ್ಪಂದದಲ್ಲಿ ಇನ್ನೂ ಕೆಲವು ವಾರ ಉಳಿದಿರುತ್ತದೆ. ಅವೆರಡೂ ಮುಗಿಯುವವರೆಗೆ ಅದನ್ನು ತಡರಾತ್ರಿಯಲ್ಲಿ ಇಡುತ್ತಾರೆ. ಆ ಹೊತ್ತಿಗೆ ಅಂಕಿ ಇನ್ನಷ್ಟು ಇಳಿಯುತ್ತದೆ, ಇಳಿದ ಅಂಕಿಯನ್ನೇ ಕಾರಣವೆಂದು ತೋರಿಸಲಾಗುತ್ತದೆ.

ಫೋನಿನಲ್ಲಿ ಲಕ್ಷಾಂತರ ಜನ ನೋಡಿದ್ದನ್ನು ಏಕೆ ಎಣಿಸಲಿಲ್ಲ ಎಂಬುದಕ್ಕೆ ಮತ್ತೊಂದು ಲೆಕ್ಕ ಹಾಕೋಣ. ಒಂದು ತುಣುಕಿಗೆ ಐದು ಲಕ್ಷ ವೀಕ್ಷಣೆ ಬಂದಿದೆ, ಒಬ್ಬೊಬ್ಬರು ಸರಾಸರಿ ನಲವತ್ತು ಸೆಕೆಂಡು ನೋಡಿದ್ದಾರೆ ಎಂದುಕೊಳ್ಳಿ. ಒಟ್ಟು ಸುಮಾರು 3,33,000 ನಿಮಿಷಗಳಾದವು. ಇದನ್ನು ಇಪ್ಪತ್ತೆರಡು ನಿಮಿಷದ ಒಂದು ಕಂತಿನ ಮೇಲೆ ಹರಡಿದರೆ, ಟಿವಿಯ ಭಾಷೆಯಲ್ಲಿ ಅದು ಪ್ರತಿ ನಿಮಿಷಕ್ಕೆ ಹದಿನೈದು ಸಾವಿರ ವೀಕ್ಷಕರಿಗೆ ಸಮ. ಐದು ಲಕ್ಷ ಎಂಬ ಅಂಕಿ ಸುಳ್ಳಲ್ಲ. ಅದು ಬೇರೆ ಅಳತೆಗೋಲು. ಅದರಿಂದ ಬರುವ ಹಣವೂ ಬಹುತೇಕ ಬೇರೆ ವಿಭಾಗದ ಖಾತೆಗೆ ಹೋಗುತ್ತದೆ, ಮತ್ತು ಸ್ಲಾಟಿನ ಸಭೆಯಲ್ಲಿ ಆ ವಿಭಾಗದವರು ಕುಳಿತಿರುವುದೇ ಇಲ್ಲ. ತಡವಾಗಿ ನೋಡುವವರನ್ನು ಎಣಿಕೆಗೆ ಸೇರಿಸುವ ಪ್ರಯತ್ನ ನಡೆದಿಲ್ಲವೆಂದಲ್ಲ: ಅಮೆರಿಕದಲ್ಲಿ 2007ರಿಂದ, ಪ್ರಸಾರವಾದ ಮೂರು ದಿನಗಳೊಳಗೆ ರೆಕಾರ್ಡ್ ಮಾಡಿ ನೋಡಿದವರು ಕಂಡ ಜಾಹೀರಾತುಗಳನ್ನೂ ಲೆಕ್ಕಕ್ಕೆ ಹಿಡಿಯತೊಡಗಿದರು. ಅಲ್ಲಿಯೂ ಎಣಿಸಿದ್ದು ಜಾಹೀರಾತನ್ನು ನೋಡಿದ ನಿಮಿಷಗಳನ್ನೇ. ಜಾಹೀರಾತನ್ನು ಓಡಿಸಿಬಿಟ್ಟು ಕಥೆಯನ್ನಷ್ಟೇ ನೋಡಿದವರಿಗೆ ಅದರಲ್ಲಿ ಸ್ಥಾನವಿಲ್ಲ.

ಇನ್ನು ನೀವು ಏನು ಮಾಡಬಹುದು ಎಂಬುದು. ಹೊತ್ತಿಗೆ ಸರಿಯಾಗಿ ಟಿವಿ ಮುಂದೆ ಕುಳಿತರೆ ಧಾರಾವಾಹಿ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಮೀಟರ್ ಇಲ್ಲದ ಮನೆಯಲ್ಲಿ ಕುಳಿತರೂ ಎದ್ದರೂ ಆ ಅಂಕಿ ಒಂದಿಷ್ಟೂ ಅಲುಗುವುದಿಲ್ಲ. ಆ ಅಪರಾಧಿ ಭಾವವನ್ನು ನೀವಿಬ್ಬರೂ ಮನಸ್ಸಿನಿಂದ ತೆಗೆದುಹಾಕಿ. ಮೀಟರನ್ನು ಕೇಳಿ ಪಡೆಯುವಂತೆಯೂ ಇಲ್ಲ. ಮನೆಗಳನ್ನು ಆರಿಸುವವರು ಅವರೇ. ತಾವಾಗಿ ಮುಂದೆ ಬಂದವರನ್ನು ಸೇರಿಸಿಕೊಂಡರೆ ಅಗುಳನ್ನು ಒಂದೇ ಮೂಲೆಯಿಂದ ತೆಗೆದಂತಾಗುತ್ತದೆ. ಮೀಟರ್ ಕೊಡಿಸುತ್ತೇನೆ ಎಂದೋ, ಮೀಟರ್ ಇರುವ ಮನೆಯನ್ನು ತೋರಿಸುತ್ತೇನೆ ಎಂದೋ ಯಾರಾದರೂ ಹಣ ಕೇಳಿದರೆ ಅವರಿಂದ ದೂರವಿರಿ. ಆ್ಯಪಿನ ಮಾತು ಬೇರೆ. ಅಲ್ಲಿ ಮಾದರಿಯ ಲೆಕ್ಕವಿಲ್ಲ, ನೀವು ನೋಡಿದ ಪ್ರತಿ ನಿಮಿಷವೂ ನಿಮ್ಮ ಖಾತೆಯ ಹೆಸರಿನಲ್ಲಿ ದಾಖಲಾಗುತ್ತದೆ. ಬೇರೆಯವರು ಹಾಕಿದ ತುಣುಕುಗಳನ್ನು ನೋಡುವ ಬದಲು ಅಧಿಕೃತ ಆ್ಯಪಿನಲ್ಲಿ ಪೂರ್ತಿ ಕಂತನ್ನು ನೋಡಿದರೆ ಅದಕ್ಕೆ ಒಂದಿಷ್ಟು ತೂಕವಿದೆ.

ಪತ್ರ ಚಳವಳಿಗೆ ಇತಿಹಾಸವಿದೆ, ಅದರ ಫಲ ಮಿಶ್ರವಾದದ್ದು. 1968ರಲ್ಲಿ ಅಭಿಮಾನಿಗಳು ಬರೆದ ಪತ್ರಗಳ ರಾಶಿಯಿಂದ ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ಸರಣಿಗೆ ಮೂರನೆಯ ವರ್ಷ ಸಿಕ್ಕಿತು. ಆದರೆ ಎನ್‌ಬಿಸಿ ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ಸರಿಸಿತು, ಖರ್ಚನ್ನೂ ಕಡಿತಗೊಳಿಸಲಾಯಿತು. 1969ರಲ್ಲಿ ಅದು ನಿಂತಿತು. ಆದರೂ ಆ ಮೂರನೆಯ ವರ್ಷ ವ್ಯರ್ಥವಾಗಲಿಲ್ಲ. ಒಟ್ಟು 79 ಕಂತುಗಳಾದದ್ದರಿಂದ ಮರುಪ್ರಸಾರ ಸಾಧ್ಯವಾಯಿತು, ಅದು ನಿಜವಾಗಿ ಜನಪ್ರಿಯವಾದದ್ದು ಆ ಮರುಪ್ರಸಾರದಲ್ಲಿ. 2007ರಲ್ಲಿ ‘ಜೆರಿಕೊ’ ಸರಣಿಯನ್ನು ನಿಲ್ಲಿಸಿದಾಗ, ಅದರ ಒಂದು ಸಂಭಾಷಣೆಯ ನೆನಪಿಗೆಂದು ಅಭಿಮಾನಿಗಳು ಸಿಬಿಎಸ್ ಕಚೇರಿಗೆ ಟನ್ನುಗಟ್ಟಲೆ ಕಡಲೆಕಾಯಿ ಕಳುಹಿಸಿದರು. ಏಳು ಕಂತುಗಳು ಸಿಕ್ಕವು, ಮರುವರ್ಷ ಮತ್ತೆ ನಿಂತಿತು. ಇದಕ್ಕಿಂತ ಜಾಣತನದ ದಾರಿಯನ್ನು ಹಿಡಿದವರು 2009ರಲ್ಲಿ ‘ಚಕ್’ ಸರಣಿಯ ಅಭಿಮಾನಿಗಳು. ಅವರು ವಾಹಿನಿಗೆ ಮೊರೆಯಿಡುವುದರ ಜೊತೆಗೆ ಅದರ ಜಾಹೀರಾತುದಾರರಾಗಿದ್ದ ಸಬ್‌ವೇ ಅಂಗಡಿಗಳಿಗೆ ಹೋಗಿ ತಿನಿಸು ಕೊಂಡು, ನಾವು ಈ ಸರಣಿಯ ನೋಡುಗರು ಎಂದು ಬರೆದಿಟ್ಟು ಬಂದರು. ಸಬ್‌ವೇ ಪ್ರಾಯೋಜಕತ್ವದೊಂದಿಗೆ ಮುಂದಿನ ವರ್ಷ ಖಚಿತವಾಯಿತು. ಇಲ್ಲಿರುವ ಅಪಾಯವನ್ನೂ ಹೇಳಬೇಕು: ಪ್ರಾಯೋಜಕರ ಕೃಪೆಯಿಂದ ಉಳಿದ ಕಥೆಯೊಳಕ್ಕೆ ಪ್ರಾಯೋಜಕರ ಸರಕೂ ಬಂದು ಕೂರುತ್ತದೆ, ಪಾತ್ರಗಳು ಅದನ್ನು ಹೊಗಳತೊಡಗುತ್ತವೆ. ನಿಮ್ಮ ಹಣವನ್ನು ಇಂಥದ್ದಕ್ಕೆ ಸುರಿಯಬೇಡಿ. ನೀವು ಹೇಗೂ ಕೊಳ್ಳುವ ವಸ್ತುವಾದರೆ ಅದರ ಕಂಪನಿಗೆ ಒಂದು ಪತ್ರ ಬರೆಯುವುದು ಸಾಕು.

ಇವೆಲ್ಲವೂ ಫಲಿಸಿದ್ದು ತೀರ್ಮಾನ ಇನ್ನೂ ಹಸಿಯಾಗಿದ್ದಾಗ. ಸೆಟ್ ಕಳಚಿ, ನಟರು ಬೇರೆಡೆ ಒಪ್ಪಂದ ಮಾಡಿಕೊಂಡ ಮೇಲೆ ಮತ್ತೆ ಕೂಡಿಸುವುದು ವಾಹಿನಿಗೆ ಮನಸ್ಸಿದ್ದರೂ ಕಷ್ಟ. ನಿಮ್ಮ ಧಾರಾವಾಹಿ ಮುಗಿದೇ ಹೋಗಿದೆ. ಅದು ಮೊದಲಿನಂತೆ ದಿನವೂ ಬರುತ್ತದೆ ಎಂಬ ಆಸೆಯನ್ನು ನಿಮಗೆ ಕೊಡಲಾರೆ. ಅರ್ಧಕ್ಕೆ ಬಿಟ್ಟ ಪ್ರಕರಣದ ಬಗ್ಗೆ ಕೇಳುವುದು ಮಾತ್ರ ಈಗಲೂ ಸಾಧ್ಯ. ಅವಸರದಲ್ಲಿ ಮುಗಿಸುವಾಗ ಚಿತ್ರೀಕರಣವಾದ ದೃಶ್ಯಗಳನ್ನು ಬದಿಗಿಡುವುದು ಸಾಮಾನ್ಯ. ನಮ್ಮ ವಾಹಿನಿಯಲ್ಲಿ ಹೀಗೆ ಮುಗಿಸಿದ ಒಂದು ಧಾರಾವಾಹಿಯ ಬಗ್ಗೆ ನೂರಾರು ಕೋಪದ ಪತ್ರಗಳು ಬಂದವು. ಅವನ್ನು ಮೇಲಿನವರಿಗೆ ತೋರಿಸಿ ನಾವು ಏನನ್ನೂ ಸಾಧಿಸಲಾಗಲಿಲ್ಲ. ಅವುಗಳ ನಡುವೆ ಸುಮಾರು ನಲವತ್ತು ಪತ್ರಗಳು ಒಂದೇ ವಿಷಯವನ್ನು ಕೇಳಿದ್ದವು: ತಂದೆ ಬರೆದಿಟ್ಟ ಉಯಿಲಿನಲ್ಲಿ ಏನಿತ್ತು? ಆ ದೃಶ್ಯ ಚಿತ್ರೀಕರಣವಾಗಿತ್ತು. ನಿರ್ಮಾಪಕರೊಂದಿಗೆ ಮಾತಾಡಿ, ಉಳಿದಿದ್ದ ದೃಶ್ಯಗಳನ್ನು ಜೋಡಿಸಿ, ನಲವತ್ತು ನಿಮಿಷದ ಒಂದು ಕೊನೆಯ ಕಂತನ್ನು ಆ್ಯಪಿನಲ್ಲಿ ಹಾಕಿದೆವು. ನೀವು ಪತ್ರ ಬರೆಯುವುದಾದರೆ ವಾಹಿನಿಗೊಂದು, ಧಾರಾವಾಹಿಯ ಕೊನೆಯಲ್ಲಿ ಹೆಸರು ಬರುವ ನಿರ್ಮಾಣ ಸಂಸ್ಥೆಗೊಂದು ಬರೆಯಿರಿ. ಧಾರಾವಾಹಿಯ ಹೆಸರು, ಕೊನೆಯ ಕಂತಿನ ದಿನಾಂಕ, ದೊಡ್ಡ ಮಗಳ ಪ್ರಕರಣ ಯಾವ ಕಂತಿನಲ್ಲಿ ನಿಂತಿತು ಎಂಬುದು, ಅದರ ತೀರ್ಪಿನ ದೃಶ್ಯ ಚಿತ್ರೀಕರಣವಾಗಿದೆಯೇ ಎಂಬ ಪ್ರಶ್ನೆ, ಇಷ್ಟಿರಲಿ. ಅತ್ತೆಯವರ ಸಹಿಯೂ ಅದರಲ್ಲಿರಲಿ.